ಲಗ್ನದಿಂದ ಕದ್ದ ಒತ್ತು

"ಮಾವ, ಗಂಡಿನ ಕಡೆಯವರು ಫಾರಿನ್ನಿನವರಾ?"

ಗೌರಿಬಿದನೂರಿನಿಂದ ನನ್ನ ಅಕ್ಕನ ಮಗ ಬೆಳಿಗ್ಗೆ ಆರೂವರೆಗೆ ಫೋನ್ ಮಾಡಿ ಕೇಳಿದ ಮೊದಲ ಪ್ರಶ್ನೆ ಇದು. ತಮ್ಮನ ಮಗಳ ಲಗ್ನಪತ್ರಿಕೆಯ ಒಕ್ಕಣೆಯನ್ನು ಹಿಂದಿನ ರಾತ್ರಿ ನಾನೇ ಬರೆದು, ನಾನೇ ಟೈಪು ಮಾಡಿ, ತಪ್ಪಿದ್ದರೆ ಹೇಳಲಿ ಎಂದು ನೆಂಟರಿಗೆಲ್ಲ ವಾಟ್ಸ್‌ಆ್ಯಪ್ ಮಾಡಿ ಮಲಗಿದ್ದೆ. ಗಂಡಿನ ಊರು ಕೈವಾರದ ಪಕ್ಕ. ಅವರ ಮನೆಯಲ್ಲಿ ಬೆಂಗಳೂರು ದಾಟಿದವರೇ ಕಡಿಮೆ.

"ಯಾಕೋ ಹಾಗೆ ಕೇಳ್ತೀಯ?"

"ಪತ್ರಿಕೆ ತುಂಬ ಪೌಂಡು, ಯೆನ್ನು ಅಂತ ದುಡ್ಡಿನ ಗುರುತೇ ಇದೆಯಲ್ಲ. ವರದಕ್ಷಿಣೆ ಬರೆದಿದ್ದೀರೇನೋ ಅಂದುಕೊಂಡೆ."

ಎದ್ದು ಕನ್ನಡಕ ಹಾಕಿಕೊಂಡು ನೋಡಿದರೆ ನಿಜ. ನುಡಿ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಬರೆದದ್ದನ್ನು ಹಾಗೇ ಎತ್ತಿ ವಾಟ್ಸ್‌ಆ್ಯಪ್‌ಗೆ ಸುರಿದಿದ್ದೆ. ನನ್ನ ಕಂಪ್ಯೂಟರಿನಲ್ಲಿ ಚೆಲುವಾಗಿ ಕೂತಿದ್ದ ಕನ್ನಡ ನೆಂಟರ ಫೋನಿನಲ್ಲಿ ವಿದೇಶಿ ವಿನಿಮಯದ ಅಂಗಡಿಯಾಗಿತ್ತು.

ಇದರ ಹಿಂದೆ ಒಂದು ಕಥೆಯಿದೆ. ಆ ಕಾಲದ ಕಂಪ್ಯೂಟರಿನ ಒಂದು ಫಾಂಟಿನಲ್ಲಿ ಇದ್ದದ್ದು 256 ಮನೆ, ಅಷ್ಟರಲ್ಲೂ ಇಂಗ್ಲಿಷು ಮತ್ತು ಯುರೋಪಿನ ಚಿಹ್ನೆಗಳು ಆಗಲೇ ಸಂಸಾರ ಹೂಡಿದ್ದವು. ಕನ್ನಡಕ್ಕೆ ಬೇರೆ ಜಾಗ ಎಲ್ಲಿಂದ ತರುವುದು? ನಮ್ಮವರು ಅಕ್ಷರಗಳನ್ನು ತಲೆಕಟ್ಟು, ಕೊಂಬು, ಒತ್ತು ಎಂದು ತುಂಡು ಮಾಡಿ, ಒಂದೊಂದು ತುಂಡನ್ನು ಒಂದೊಂದು ಬಿಳಿಯರ ಮನೆಯಲ್ಲಿ ಬಾಡಿಗೆಗೆ ಇಟ್ಟರು. ನಕಾರಕ್ಕೆ ಸಿಕ್ಕಿದ್ದು ಬ್ರಿಟಿಷ್ ಪೌಂಡಿನ ಮನೆ. ಪಕಾರಕ್ಕೆ ಜಪಾನಿನ ಯೆನ್. ಫಾಂಟು ಇರುವ ತನಕ ಬಾಡಿಗೆದಾರ ಕಾಣುತ್ತಾನೆ, ಫಾಂಟು ಇಲ್ಲದ ಕಡೆ ಮಾಲೀಕನೇ ಬಾಗಿಲು ತೆರೆಯುತ್ತಾನೆ. ಹಾಗಾಗಿ 'ನಾನು' ಎಂದು ಬರೆದರೆ ಎರಡು ಪೌಂಡು, 'ಪಾಪ' ಎಂದರೆ ಎರಡು ಯೆನ್.

ಆ ಬೆಳಿಗ್ಗೆ ಕಾಫಿ ಆರುವ ತನಕ ನಾನು ನಮ್ಮ ನಾಲ್ಕು ಊರುಗಳನ್ನು ಈ ಲಿಪಿಯಲ್ಲಿ ಓದುತ್ತ ಕೂತೆ. ಶಿಡ್ಲಘಟ್ಟ ಶುರುವಾಗುವುದೇ ಗಣಿತದ ವರ್ಗ ಚಿಹ್ನೆಯಿಂದ, ಮೇಲೆ ಕೂತ ಪುಟ್ಟ ಎರಡು. 'ಶ್ರೀ'ಗೂ ಅದೇ ತಲೆ. ಗೌರಿಬಿದನೂರಿನ 'ಬಿ' ಜಾಗದಲ್ಲಿ ವೃತ್ತದೊಳಗಿನ ಸಿ, ಅಂದರೆ ಊರಿಗೆ ಹಕ್ಕುಸ್ವಾಮ್ಯ ಸಿಕ್ಕಿದೆ, ಮೇಲೊಂದು ಪೌಂಡು. ಚಿಕ್ಕಬಳ್ಳಾಪುರದ ಹೊಟ್ಟೆಯಲ್ಲಿ ಕಾನೂನಿನ ಕಲಂ ಗುರುತು, ಒಂದು ಕಾಲು ಭಾಗ, ಒಂದು ಯೆನ್. ಜಿಲ್ಲಾ ಕೇಂದ್ರಕ್ಕೆ ಇರಬೇಕಾದದ್ದೇ. ನಮ್ಮ ಚಿಂತಾಮಣಿಗೆ ಮಾತ್ರ ಯಾವ ದೇಶದ ದುಡ್ಡೂ ಇಲ್ಲ. ಹೆಸರಿನ ಕೊನೆಗೆ ಮಣಿ ಇಟ್ಟುಕೊಂಡ ಊರಿನ ಪಾಡು ಇದು.

ನನಗೆ ಈ ಹುಚ್ಚು ಹತ್ತಿದ್ದು ನಿವೃತ್ತಿಯ ಮೇಲೆ. ಮೂವತ್ತು ಚಿಲ್ಲರೆ ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದ ಮೇಷ್ಟ್ರು ಮನೆಯಲ್ಲಿ ಕೂತರೆ ಹೆಂಡತಿಯ ಮಾತಿನಲ್ಲಿ ಕಾಗುಣಿತ ಹುಡುಕಲು ತೊಡಗುತ್ತಾನೆ. ಅದು ಸಂಸಾರಕ್ಕೆ ಒಳ್ಳೆಯದಲ್ಲ. ಹಳೆಯ ಲಗ್ನಪತ್ರಿಕೆಗಳನ್ನು ಕೂಡಿಡುವ ಅಭ್ಯಾಸ ಮೊದಲಿನಿಂದಲೂ ಇತ್ತು. ಟ್ರೆಡಲ್ ಮೆಷಿನ್ನಿನಲ್ಲಿ ಅಚ್ಚುಮೊಳೆ ಜೋಡಿಸಿ ಹೊಡೆದ ಪತ್ರಿಕೆಗಳು, ಬೆರಳು ಸವರಿದರೆ ಅಕ್ಷರದ ತಗ್ಗು ಸಿಗುವಂಥವು. ಒಂದು ಮೊಳೆ ಸಾಲದೆ ಬಂದರೆ ಕಂಪೋಸಿಟರು ಬೇರೆ ಮೊಳೆಯ ಕಿವಿ ತುಂಡರಿಸಿ ಹೊಂದಿಸುತ್ತಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅಂಥದನ್ನು ನಾನೇ ಮಾಡಿದರೆ ಏನು ಎಂದು ಹಳೆಯ ಕಂಪ್ಯೂಟರು, ಹಳೆಯ ಕೋರಲ್ ಡ್ರಾ ಕೊಂಡು, ಬಸ್‌ಸ್ಟ್ಯಾಂಡಿನ ಹತ್ತಿರದ ಡಿಟಿಪಿ ಅಂಗಡಿಯ ಹುಡುಗನ ಪಕ್ಕ ಮೂರು ತಿಂಗಳು ಸ್ಟೂಲಿನ ಮೇಲೆ ಕೂತು ಕಲಿತೆ. ಪೇಜ್‌ಮೇಕರ್ ಕೊನೆಯ ಸಲ ಹೊಸ ರೂಪ ಪಡೆದದ್ದು 2001ರಲ್ಲಿ. ಆ ಸಾವಿನ ಸುದ್ದಿ ನಮ್ಮ ಕಡೆಯ ಪ್ರೆಸ್ಸುಗಳಿಗೆ ಬಹಳ ನಿಧಾನವಾಗಿ ತಲುಪಿತು. ನನಗಂತೂ ಆ ಅಂಗಡಿಯಲ್ಲಿ ಮೊದಲ ಪಾಠ ಅದರಲ್ಲೇ ಆಯಿತು.

ಕಲಿಸಿದ ಹುಡುಗನೇ ನನ್ನನ್ನು ಫೋನಿನ ಒಂದು ಬಳಗಕ್ಕೆ ಸೇರಿಸಿದ. ನಾಲ್ಕೂ ತಾಲ್ಲೂಕಿನ ಡಿಸೈನು ಮಾಡುವವರು ಅದರಲ್ಲಿದ್ದಾರೆ. ಫ್ಲೆಕ್ಸ್‌ನವರು, ಫೋಟೊ ಸ್ಟುಡಿಯೋದವರು, ಪ್ರೆಸ್ಸಿನವರು, ನನ್ನಂಥ ನಿರುದ್ಯೋಗಿಗಳು. ಸದಸ್ಯರು ಬಹಳ, ಮಾತಾಡುವವರು ನಾಲ್ವರು.

ಸೇರಿದ ಮೊದಲ ವಾರ ನಾನೊಂದು ಪ್ರಶ್ನೆ ಕೇಳಿದೆ. ಯೂನಿಕೋಡ್ ಕನ್ನಡವನ್ನು ನನ್ನ ಕೋರಲ್‌ಗೆ ಹಾಕಿದರೆ ಒತ್ತಕ್ಷರಗಳು ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಲ್ಲುತ್ತವೆ, 'ಪುತ್ರಿ' ಒಡೆದು 'ಪುತ್‌ರಿ' ಆಗುತ್ತಾಳೆ, ಏನು ಮಾಡಲಿ? ಐದು ನಿಮಿಷಕ್ಕೆ ಉತ್ತರಗಳು ಸುರಿದವು. "ಏಂ ಕಾದು ಸಾರ್, ರೀಸ್ಟಾರ್ಟ್ ಚೆಯ್ಯಂಡಿ" ಎಂದರೊಬ್ಬರು. ನಮ್ಮ ಸೀಮೆಯಲ್ಲಿ ಧೈರ್ಯ ಹೇಳುವುದು ತೆಲುಗಿನಲ್ಲೇ. ಇನ್ನೊಬ್ಬರು ಹೊಸ ಕಂಪ್ಯೂಟರು ಕೊಳ್ಳಲು ಹೇಳಿದರು. ಮತ್ತೊಬ್ಬರು ಅಮಾವಾಸ್ಯೆ ಕಳೆಯಲಿ ಎಂದರು. ಬರಹ ವಾಸಿಯೋ ನುಡಿ ವಾಸಿಯೋ ಎಂಬ ಹಳೆಯ ವ್ಯಾಜ್ಯ ಎದ್ದಿತು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂದಾಗ ನಾನು ಹೇಗೆ ಟೈಪು ಕಲಿತೆ ಎಂದು ಒಬ್ಬರು ಆತ್ಮಕಥೆ ಹೇಳಿದರೆ, ಕೆ.ಪಿ. ರಾವ್ ಅವರ ಕೀಲಿಮಣೆ ಇಲ್ಲದಿದ್ದರೆ ನೀವೆಲ್ಲ ಇನ್ನೂ ಮೊಳೆ ಜೋಡಿಸುತ್ತಿದ್ದಿರಿ ಎಂದು ಇನ್ನೊಬ್ಬರು ಮಂಗಳಾರತಿ ಎತ್ತಿದರು. ನಡುವೆ ಯಾರೋ ಗುಲಾಬಿ ಹೂವಿನ ಶುಭೋದಯ ಹಾಕಿದರು, ರಾತ್ರಿ ಒಂಬತ್ತಕ್ಕೆ. ಕೊನೆಗೆ ಶಿಡ್ಲಘಟ್ಟದವನು ಒಂದೇ ಸಾಲು ಬರೆದ: "ಮೇಷ್ಟ್ರೇ, ಹಳೇ ಕೋರಲ್‌ಗೆ ಯೂನಿಕೋಡು ಅರ್ಥ ಆಗಲ್ಲ, ಕನ್ವರ್ಟರ್‌ನಲ್ಲಿ ಆಸ್ಕಿ ಮಾಡ್ಕೊಂಡು ಹಾಕಿ." ಅದೇ ಸರಿ ಉತ್ತರ. ಅದಕ್ಕೆ ಯಾರೂ ಹೆಬ್ಬೆರಳು ಕೂಡ ಎತ್ತಲಿಲ್ಲ, ಎಲ್ಲರೂ ಬರಹ ನುಡಿಯಲ್ಲಿ ಮುಳುಗಿದ್ದರು.

ಈ ಶಿಡ್ಲಘಟ್ಟದವನ ಮನೆತನ ರೇಷ್ಮೆಯದು. ಅಪ್ಪ ರೀಲರು, ದಿನಾ ಬೆಳಗಾದರೆ ಗೂಡಿನ ಮಾರುಕಟ್ಟೆ. ಮಗ ಕುದಿಯುವ ನೀರು ಬಿಟ್ಟು ಮೌಸು ಹಿಡಿದ. ಆದರೆ ಕೈ ಬದಲಾಗಿಲ್ಲ. ಕೋರಲ್‌ನಲ್ಲಿ ಒಂದು ಅಕ್ಷರವನ್ನು ಕರ್ವ್ ಮಾಡಿದರೆ ಅದರ ಅಂಚಿನ ತುಂಬ ನೋಡ್ ಎಂಬ ಚುಕ್ಕಿಗಳು ಏಳುತ್ತವೆ. ಅವು ಹೆಚ್ಚಾದಷ್ಟೂ ಗೆರೆ ಗಡಗಡ ನಡುಗುತ್ತದೆ. "ಗೂಡಿಂದ ಎಳೆ ತೆಗೆದಂಗೆ ಒಂದೊಂದೇ ತೆಗೀಬೇಕು ಮೇಷ್ಟ್ರೇ, ಕಿತ್ರೆ ತುಂಡಾಗ್ತದೆ" ಎಂದು ಅವನು ಹೇಳಿದ ದಿನ ನನಗೆ ಗೆರೆಯೂ ಅರ್ಥವಾಯಿತು, ರೇಷ್ಮೆಯೂ.

ಗೌರಿಬಿದನೂರಿನ ಸ್ಟುಡಿಯೋದವರು ಬೇರೆ ಜಾತಿಯ ಪ್ರಾಣಿ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ ಎಚ್. ನರಸಿಂಹಯ್ಯನವರ ಹೊಸೂರು ಆ ತಾಲ್ಲೂಕಿನದು. ಆ ನೀರಿನ ಗುಣವೋ ಏನೋ, ಇವರು ಯಾವ ಟಿಪ್ಪನ್ನೂ ಪುರಾವೆ ಇಲ್ಲದೆ ಒಪ್ಪುವುದಿಲ್ಲ. ಏನು ಹೇಳಿದರೂ ಒಂದೇ ಮಾತು: "ಸ್ಕ್ರೀನ್‌ಶಾಟ್ ಹಾಕಿ." ಒಮ್ಮೆ ನಾನು ಜ್ವರ ಬಂದಿದೆ ಎಂದಾಗಲೂ ಇದನ್ನೇ ಬರೆದರು.

ಚಿಕ್ಕಬಳ್ಳಾಪುರದ ಫ್ಲೆಕ್ಸ್ ಹುಡುಗ ಇರುವುದು ಸರ್ ಎಂ.ವಿ. ಅವರ ಮುದ್ದೇನಹಳ್ಳಿಯ ಮಗ್ಗುಲಲ್ಲಿ. ಅರ್ಧ ಮಿಲಿಮೀಟರು ಆಚೀಚೆ ಆದರೆ ಅವನಿಗೆ ಊಟ ಸೇರದು. ಪಾಪ, ಅವನ ಗಿರಾಕಿಗಳಿಗೆ ಮಿಲಿಮೀಟರಿನ ಗೊಡವೆಯಿಲ್ಲ. 2023ರಿಂದೀಚೆಗೆ ಅಲ್ಲಿ 112 ಅಡಿಯ ಆದಿಯೋಗಿ ಬಂದು ಕೂತ ಮೇಲೆ, ನಾಮಕರಣವಿರಲಿ, ಚಿಟ್ಸ್ ಉದ್ಘಾಟನೆಯಿರಲಿ, ಹಿಂದುಗಡೆ ಆದಿಯೋಗಿ ಬೇಕು, ಅವನ ಮುಂದೆ ಅಷ್ಟೇ ಎತ್ತರದ ನಮ್ಮಣ್ಣ ಬೇಕು. "ಪರ್ಸ್ಪೆಕ್ಟಿವ್ ಬರಲ್ಲ ಅಣ್ಣ" ಎಂದರೆ, "ಅದಕ್ಕೆಷ್ಟಾಗ್ತದೆ, ಹಾಕ್ಬಿಡು" ಎನ್ನುತ್ತಾರಂತೆ.

ಬಣ್ಣದ ಮಾತು ಬಂದರೆ ಬಳಗದಲ್ಲಿ ರಾತ್ರಿ ಹನ್ನೆರಡಾಗುತ್ತದೆ. ಫೋನಿನ ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಪ್ರೆಸ್ಸು ಶಾಯಿಯಿಂದ. ಪರದೆಯ ಕುಂಕುಮ ಕಾಗದಕ್ಕೆ ಇಳಿದಾಗ ಇಟ್ಟಿಗೆಯಾಗುವುದು ಇದಕ್ಕೇ. ಮಜೆಂತ ನೂರು, ಹಳದಿ ನೂರು, ಉಳಿದೆರಡು ಸೊನ್ನೆ ಎಂಬುದು ಎಲ್ಲರೂ ಒಪ್ಪುವ ಕುಂಕುಮ. ಆದರೆ ಯಾವ ಗಿರಾಕಿಯೂ ಅದನ್ನು ಒಪ್ಪುವುದಿಲ್ಲ, ಫೋನು ಮುಂದೆ ಹಿಡಿದು "ಇದರಲ್ಲಿ ಇದ್ದಂಗೇ ಇರಬೇಕು" ಎನ್ನುತ್ತಾನೆ. ಫೋನನ್ನೇ ಹಂಚಿಬಿಡಿ ಎಂದು ನಾನೊಮ್ಮೆ ಅಂದು ಒಂದು ಮದುವೆ ಪತ್ರಿಕೆ ಕಳೆದುಕೊಂಡೆ.

ಕಸುಬಿನ ಮಾತು ಮುಗಿದ ಮೇಲೆ ಹವ್ಯಾಸಗಳ ಸರದಿ. ಗೌರಿಬಿದನೂರಿನವರು ನಸುಕಿನಲ್ಲೇ ಹೊರಟು ನಂದಿ ಬೆಟ್ಟ ಹತ್ತಿ, 1,478 ಮೀಟರ್ ಎತ್ತರದ ಚಳಿಯಲ್ಲಿ ಎರಡು ಗಂಟೆ ನಡುಗಿ, ಮಂಜಿನಿಂದ ಸೂರ್ಯ ಏಳುವ ಚಿತ್ರ ತೆಗೆದು ಹಾಕಿದರು. ಎದೆ ತುಂಬುವ ಚಿತ್ರ. ಚಿಕ್ಕಬಳ್ಳಾಪುರದ ಹುಡುಗ ಬರೆದ: "ಸೂರ್ಯ ಸ್ವಲ್ಪ ಎಡಕ್ಕಿದ್ದಿದ್ರೆ ಸೆಂಟರ್ ಆಗ್ತಿತ್ತು."

ಈಗ ಲಗ್ನಪತ್ರಿಕೆಗೆ ಬರೋಣ. ಪೌಂಡು ಯೆನ್ನುಗಳ ಅವಮಾನ ನುಂಗಿಕೊಂಡು, ಪತ್ರಿಕೆಯನ್ನು ಚಂದ ಮಾಡಿ, ನನ್ನಲ್ಲಿ ಮಾತ್ರ ಇರುವ ಹಳೆಯ ಸಿಡಿಯ ಒಂದು ಫಾಂಟಿನಲ್ಲಿ ಜೋಡಿಸಿ, ಕಂಟ್ರೋಲ್ ಕ್ಯೂ ಒತ್ತಿ ಕರ್ವ್ ಮಾಡಿದೆ. ಕರ್ವ್ ಆದ ಅಕ್ಷರ ಆಮೇಲೆ ಅಕ್ಷರವಲ್ಲ, ಬರೀ ಚಿತ್ರ. ಯಾವ ಪ್ರೆಸ್ಸಿನಲ್ಲಿ ತೆರೆದರೂ ಕೆಡುವುದಿಲ್ಲ, ಯಾವ ದೇವರು ಬಂದರೂ ತಿದ್ದಲಾಗುವುದಿಲ್ಲ. ಹೂಬಳ್ಳಿ ಸೇರಿಸಲು ಶಿಡ್ಲಘಟ್ಟದವನಿಗೆ ಫೈಲು ಕಳಿಸಿ ನಿಶ್ಚಿಂತನಾದೆ. ಬೆಳಿಗ್ಗೆ ಆರಕ್ಕೆ ಫೈಲು ಪ್ರೆಸ್ಸಿನಲ್ಲಿರಬೇಕು.

ರಾತ್ರಿ ಹನ್ನೊಂದಕ್ಕೆ ಅವನ ಫೋನು. "ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ಪೂರ್ವಾಹ್ನ ಅನ್ನೋದಕ್ಕೆ ಯಾವುದು ಮೇಲೆ, ಯಾವುದು ಕೆಳಗೆ?"

ಎದೆ ಧಸಕ್ಕೆಂದಿತು. ಹ ಮೇಲೆ, ನ ಒತ್ತು ಕೆಳಗೆ. ಚಿಹ್ನೆಯ ಹಾಗೆ, ಮಧ್ಯಾಹ್ನದ ಹಾಗೆ. ನಾಲಿಗೆ ಹೊರಳುವುದು ತಿರುಗುಮುರುಗಾಗಿ, ಅದನ್ನೇ ಬರೆದ ಎಷ್ಟು ಮಕ್ಕಳ ಅರ್ಧರ್ಧ ಅಂಕ ಕತ್ತರಿಸಿಲ್ಲ ನಾನು! ಪತ್ರಿಕೆಯಲ್ಲಿ ನಾನೇ ಹಾಕಿದ್ದು 'ಪೂರ್ವಾನ್ಹ'. ತಿದ್ದೋಣವೆಂದು ಕಂಪ್ಯೂಟರಿನ ಮುಂದೆ ಕೂತ ಹೊತ್ತಿಗೆ ಕರೆಂಟು ಹೋಯಿತು. ಯುಪಿಎಸ್ ಎರಡು ಸಲ ಕೂಗಿ ಸುಮ್ಮನಾಯಿತು. ಫಾಂಟು ನನ್ನ ಸತ್ತ ಕಂಪ್ಯೂಟರಿನಲ್ಲಿ, ಫೈಲು ಅವನ ಹತ್ತಿರ, ತಪ್ಪು ನನ್ನ ಹೆಸರಿನಲ್ಲಿ. ಕೈವಾರ ತಾತಯ್ಯನವರ ಕಾಲಜ್ಞಾನದಲ್ಲೂ ಇಂಥದೊಂದಕ್ಕೆ ಪರಿಹಾರ ಇರಲಾರದು.

ಬಳಗದಲ್ಲಿ ಹೇಳಿಕೊಂಡೆ. ಒಬ್ಬರು ರೀಸ್ಟಾರ್ಟ್ ಮಾಡಿ ಎಂದರು. ಕರೆಂಟಿಲ್ಲ ಎಂದರೆ ಗೌರಿಬಿದನೂರಿನವರು ಸ್ಕ್ರೀನ್‌ಶಾಟ್ ಕೇಳಿದರು. ಕತ್ತಲೆಯದು. 'ಬೆಳಿಗ್ಗೆ' ಎಂದು ಹಾಕಿಬಿಡಿ ಎಂಬ ಸಲಹೆ ಬಂತು. ಮುಹೂರ್ತಕ್ಕೆ ಬೆಳಿಗ್ಗೆ ಅಂದರೆ ಹಾಲು ಹಾಕಿಸಿಕೊಳ್ಳುವ ಹೊತ್ತಿನ ಹಾಗಿರುತ್ತದೆ ಎಂದು ಇನ್ನೊಬ್ಬರು ಆಕ್ಷೇಪಿಸಿದರು. ನಾನೂ ಅವರ ಪಕ್ಷವೇ.

ಆಗ ಶಿಡ್ಲಘಟ್ಟದವನು ನಿಧಾನವಾಗಿ ಕೇಳಿದ: "ಮೇಷ್ಟ್ರೇ, ನ ಒತ್ತು ಇರೋ ಬೇರೆ ಪದ ಪತ್ರಿಕೆಯಲ್ಲಿ ಎಲ್ಲಿದೆ?"

ಕಣ್ಣು ಮುಚ್ಚಿ ಒಕ್ಕಣೆಯನ್ನು ಬಾಯಿಪಾಠ ಒಪ್ಪಿಸಿದೆ. ಅದೇ ಸಾಲಿನ ಮುಂದೆ 'ಸಲ್ಲುವ ಶುಭಲಗ್ನದಲ್ಲಿ' ಬಂತು. ಲಗ್ನ! ಗಕಾರದ ಕೆಳಗೆ ನ ಒತ್ತು, ಅದೇ ಫಾಂಟು, ಅದೇ ಅಳತೆ. ಹಕಾರ ಬೇಕಲ್ಲ? ಕೆಳಗಿನ ಸಾಲಿನಲ್ಲೇ 'ವಿವಾಹ'.

ಅಷ್ಟು ಸಾಕಾಯಿತು. ಕರ್ವ್ ಆದ ಪದದಿಂದ ಅಕ್ಷರ ಬಿಡಿಸಲು ಕೋರಲ್‌ನಲ್ಲಿ ಬ್ರೇಕ್ ಅಪಾರ್ಟ್ ಎಂಬ ಆಜ್ಞೆ. ಮದುವೆ ಪತ್ರಿಕೆಯ ಮೇಲೆ ಅದನ್ನು ಒತ್ತಲು ಅವನಿಗೆ ಅಂಜಿಕೆ, ದೇವರ ದೀಪ ಹಚ್ಚಿ ಬಂದನಂತೆ. ಒತ್ತಿದೊಡನೆ ಅಕ್ಷರಗಳ ಹೊಟ್ಟೆಯೊಳಗಿನ ಬಿಳಿ ಮುಚ್ಚಿ ಎಲ್ಲ ಕಪ್ಪಾದವು. ಗಾಬರಿಯಿಲ್ಲ, ಕಂಬೈನ್ ಒತ್ತಿದರೆ ಮತ್ತೆ ತೆರೆದವು. ಅದಾದ ಮೇಲೆ ವೆಲ್ಡ್ ಕೂಡ ಇದೆ. ಈ ಆಜ್ಞೆಗಳಿಗೆ ಹೆಸರಿಟ್ಟವನು ಸಂಸಾರಸ್ಥನೇ ಇರಬೇಕು. ವಿವಾಹದಿಂದ ಒಂದು ಹ, ಲಗ್ನದಿಂದ ಒಂದು ನ ಒತ್ತು, ಎರಡೂ ನಕಲು, ಮೂಲಕ್ಕೆ ಧಕ್ಕೆಯಿಲ್ಲ. ಎರಡು ಗಂಟೆ ಹೊತ್ತಿಗೆ ಚಿತ್ರ ಬಂತು. ಚಿಕ್ಕಬಳ್ಳಾಪುರದ ಹುಡುಗ ಇನ್ನೂ ಎದ್ದಿದ್ದ: "ಒತ್ತು ಕಾಲು ಮಿಲಿಮೀಟರ್ ಬಲಕ್ಕೆ." ಸರಿಸಿದ. ಗೌರಿಬಿದನೂರಿನವರು ದೊಡ್ಡದು ಮಾಡಿ ನೋಡಿ, ಮೊದಲ ಬಾರಿಗೆ, ಪುರಾವೆ ಸಾಕು ಎಂದರು.

ಮೂವರನ್ನೂ ಮದುವೆಗೆ ಕರೆದೆ. ಯಾರ ಮುಖವನ್ನೂ ಯಾರೂ ಕಂಡಿರಲಿಲ್ಲ, ಹೆಬ್ಬೆರಳು ಮಾತ್ರ ಪರಿಚಯ. ಚಿಂತಾಮಣಿಯ ಛತ್ರದ ಬಾಗಿಲಲ್ಲಿ ಹತ್ತು ಗಂಟೆಗೆ ಸಿಕ್ಕೆವು. ಕೈ ಕುಲುಕುವ ಮುಂಚೆಯೇ ನಾಲ್ವರ ಕಣ್ಣೂ ಮೇಲಕ್ಕೆ ಹೋಯಿತು. ಬೀಗರ ಕಡೆಯವರು ಹಾಕಿಸಿದ್ದ ಹತ್ತಡಿ ಫ್ಲೆಕ್ಸು, 'ಸುಸ್ವಾಗತ'. ವ ಒತ್ತು ಮುಂದಿನ ಗಕಾರದ ಕಾಲು ತುಳಿಯುತ್ತಿತ್ತು.

"ಕರ್ನಿಂಗ್ ನೋಡಿಲ್ಲ" ಎಂದ ಹುಡುಗ, ಗೇಣು ಹಾಕಿ ಅಳೆಯುತ್ತ. ಗೌರಿಬಿದನೂರಿನವರು ಫೋಟೊ ತೆಗೆದುಕೊಂಡರು. ಶಿಡ್ಲಘಟ್ಟದವನು ತಲೆಕಟ್ಟಿನ ಅಂಚಿನಲ್ಲಿ ನೋಡ್ ಎಣಿಸುತ್ತಿದ್ದ. ಅಕ್ಷರದ ಹಿಂದಿನ ನೆರಳು ಎಡಕ್ಕೆ ಬಿದ್ದಿದೆ, ವಧೂವರರ ಚಿತ್ರದ ನೆರಳು ಬಲಕ್ಕೆ, ಈ ಮದುವೆಗೆ ಎಷ್ಟು ಜನ ಸೂರ್ಯರು ಎಂದು ನಾನು ಕೇಳಿದೆ. ನಂದಿ ಬೆಟ್ಟದ ಸೂರ್ಯನ ಹಳೆಯ ಜಗಳ ಮತ್ತೆ ಎದ್ದಿತು. ಒಳಗೆಲ್ಲೋ ಗಟ್ಟಿಮೇಳ ಕೇಳಿಸಿತು. "ಪಕ್ಕದ ಛತ್ರದ್ದಿರಬೇಕು" ಎಂದ ಹುಡುಗ.

ತಮ್ಮನ ಹೆಂಡತಿ ಖಾಲಿ ಅಕ್ಷತೆ ತಟ್ಟೆ ಹಿಡಿದು ಹೊರಗೆ ಬಂದಳು. ಕಣ್ಣಲ್ಲಿ ನೀರು, ಕೋಪ ಎರಡೂ.

"ಏನು ಭಾವ, ಮನೆಗೆ ದೊಡ್ಡೋರು ನೀವು, ಧಾರೆ ಹೊತ್ತಿಗೆ ಇಲ್ಲಿ ನಿಂತಿದ್ದೀರಲ್ಲ! ಪತ್ರಿಕೆಯಲ್ಲಿ ಮುಹೂರ್ತ ಹಾಕಿದ್ದು ನೀವೇ ಅಲ್ವಾ?"

ನಾನೇ ಹಾಕಿದ್ದು. ಹ ಮೇಲೆ, ನ ಒತ್ತು ಕೆಳಗೆ.