ಅಟ್ಟಕ್ಕೆ ಬಡ್ತಿ

ನಮ್ಮ ಮನೆಗಳಲ್ಲಿ ಯಾವ ಸಾಮಾನೂ ಸಾಯುವುದಿಲ್ಲ. ಕೆಲಸದಿಂದ ನಿವೃತ್ತಿಯಾದ ದಿನವೇ ಬಡ್ತಿ ಪಡೆದು ಅಟ್ಟ ಹತ್ತುತ್ತದೆ. ಹಿಡಿ ಕಳಚಿದ ಕುಕ್ಕರು, ಮುಚ್ಚಳ ಕಳಕೊಂಡ ಡಬ್ಬಿ, ಡಬ್ಬಿ ಕಳಕೊಂಡ ಮುಚ್ಚಳ, ಈಗ ಇಂಜಿನಿಯರಿಂಗ್ ಓದುತ್ತಿರುವ ಮಗನ ಮೂರು ಗಾಲಿ ಸೈಕಲ್ಲು. ಕೇಳಿ ನೋಡಿ, ‘ಇರ್ಲಿ ಬಿಡ್ರೀ, ಬೇಕಾಗುತ್ತೆ’ ಅನ್ನುತ್ತಾರೆ. ಯಾರಿಗೆ, ಯಾವಾಗ ಅಂತ ಮಾತ್ರ ಕೇಳಬಾರದು. ಕೇಳಿದವರನ್ನೇ ಏಣಿ ಹತ್ತಿಸಿ ಧೂಳು ಹೊಡೆಸುತ್ತಾರೆ.

ಯುಗಾದಿ ಹತ್ತಿರ ಬಂದಾಗ ಎಲ್ಲಿಂದಲೋ ವೈರಾಗ್ಯ ಬರುತ್ತದೆ. ಅಟ್ಟದ್ದೆಲ್ಲ ಇಳಿದು ನಡುಮನೆಯಲ್ಲಿ ಗುಡ್ಡವಾಗುತ್ತದೆ. ಆಗ ನಮ್ಮೊಳಗಿನ ದಾನಶೂರ ಕರ್ಣ ಎದ್ದು ಕೂರುತ್ತಾನೆ.

ಕರ್ಣನ ಕೈಗೆ ಮೊದಲು ಸಿಕ್ಕುವುದು ಮನೆಗೆಲಸದಾಕೆ. ಜಿಪ್ಪು ಕಿತ್ತ ಪ್ಯಾಂಟು, ಸಾರಿನ ಕಲೆಯ ಸೀರೆ ಕೈಗಿಟ್ಟು ‘ತಗೊಳ್ಳಮ್ಮಾ, ಒಂದೇ ಸಲ ಉಟ್ಟಿದ್ದು’ ಅನ್ನುತ್ತೇವೆ. ಪಾಪ, ಆಕೆ ಬೇಡ ಅನ್ನಲಾರಳು. ಸಂಜೆ ಬೀದಿ ಮೂಲೆಯ ಕಸದ ರಾಶಿಯ ಮೇಲೆ ಅದೇ ಪ್ಯಾಂಟು ಕಾಲು ಚಾಚಿ ಮಲಗಿರುತ್ತದೆ. ಇನ್ನು ನೆರೆಯೋ ಭೂಕಂಪವೋ ಬಂದರಂತೂ ಕರ್ಣನನ್ನು ತಡೆಯುವವರೇ ಇಲ್ಲ. 2004ರ ಸುನಾಮಿಯ ನಂತರ ತಮಿಳುನಾಡಿಗೆ ಹೋದ ಹಳೇ ಬಟ್ಟೆ ರಸ್ತೆ ಬದಿಯಲ್ಲಿ ರಾಶಿರಾಶಿ ಬಿದ್ದಿತ್ತು. ಮನೆ, ದೋಣಿ ಎಲ್ಲ ಕಳಕೊಂಡ ಮೀನುಗಾರರಿಗೆ ಯಾರದೋ ಮದುವೆಯ ಕೋಟು ಯಾಕೆ ಬೇಕಿತ್ತೋ! ಆ ರಾಶಿಗೆ ಕೈಹಾಕಿ ವಿಂಗಡಿಸಿದವರಲ್ಲಿ ದೆಹಲಿಯ ಗೂಂಜ್ ಸಂಸ್ಥೆಯವರೂ ಇದ್ದರು. 1999ರಲ್ಲಿ ಅಂಶು ಗುಪ್ತಾ ಕಟ್ಟಿದ ಈ ಸಂಸ್ಥೆ ಬಟ್ಟೆಯನ್ನು ಪುಕ್ಕಟೆ ಹಂಚುವುದಿಲ್ಲ. ಊರಿನವರು ಕೂಡಿ ಬಾವಿ ತೋಡಿದರೆ, ರಸ್ತೆ ಸರಿಮಾಡಿದರೆ ಅದರ ಕೂಲಿಯೆಂದು ಕೊಡುತ್ತದೆ. ಉಟ್ಟು ಮೆತ್ತಗಾದ ಹತ್ತಿ ಬಟ್ಟೆಯಿಂದ ಮುಟ್ಟಿನ ಪ್ಯಾಡ್ ಹೊಲಿಸುತ್ತದೆ. ಹಳೇ ಸೀರೆಯ ಬೆಲೆ ನಮ್ಮ ಉತ್ತರ ಕರ್ನಾಟಕದ ಅಜ್ಜಿಯರಿಗೂ ಗೊತ್ತಿತ್ತು. ಅವರು ಅದನ್ನು ದಾನ ಮಾಡುತ್ತಿರಲಿಲ್ಲ, ಕೌದಿ ಹೊಲಿದು ಹೊದೆಯುತ್ತಿದ್ದರು.

ದೇವರನ್ನಾದರೂ ಬಿಟ್ಟೆವೇ? ಗಾಜು ಒಡೆದ ವೆಂಕಟರಮಣ, ಹೋದ ವರ್ಷದ ಕ್ಯಾಲೆಂಡರಿನ ಲಕ್ಷ್ಮಿ, ಇವರನ್ನು ಕಸಕ್ಕೆ ಹಾಕಿದರೆ ಪಾಪ. ಹಾಗಾಗಿ ಕತ್ತಲಾದ ಮೇಲೆ ಅರಳಿಕಟ್ಟೆಗೆ ಒರಗಿಸಿ, ಕೈಮುಗಿದು, ಹಿಂದೆ ನೋಡದೆ ಬರುತ್ತೇವೆ. ಆಮೇಲೆ ಮಳೆ ಬಂದರೆ ಪಾಪ ಮಳೆರಾಯನದು.

ಈ ಕರ್ಣರಿಗಿಂತ ನನಗೆ ಗುಜರಿಯವನೇ ವಾಸಿ. ಅವನಿಗೆ ದಯೆಯೂ ಇಲ್ಲ, ದಾಕ್ಷಿಣ್ಯವೂ ಇಲ್ಲ. ಕುಕ್ಕರನ್ನು ಬೆರಳಲ್ಲಿ ಕುಟ್ಟಿ ‘ಅಲ್ಯೂಮಿನಿಯಂ’ ಅನ್ನುತ್ತಾನೆ. ಮಿಕ್ಸಿಯನ್ನು ಕೈಯಲ್ಲಿ ತೂಗಿ ನೋಡಿದರೆ ಒಳಗಿನ ತಾಮ್ರ ಎಷ್ಟೆಂದು ಅಂದಾಜು ಸಿಕ್ಕುತ್ತದೆ. ನನ್ನ ಹೆಂಡತಿ ಜೀವದಂತೆ ಕಾಪಾಡಿದ ಹೂವಿನ ಚಿತ್ತಾರದ ಮೆಲಮೈನ್ ತಟ್ಟೆಗಳನ್ನು ಮಾತ್ರ ಕಾಲಲ್ಲಿ ಅತ್ತ ಸರಿಸಿ, ‘ಇದು ಕರಗಲ್ಲ ಅಕ್ಕಾ’ ಅಂದ. ನಿಜ. ಆ ಜಾತಿಯ ಪ್ಲಾಸ್ಟಿಕ್ಕು ಒಮ್ಮೆ ಗಟ್ಟಿಯಾದರೆ ಮುಗಿಯಿತು, ಕಾಯಿಸಿದರೆ ಸುಟ್ಟು ಕರಕಲಾಗುತ್ತದೆಯೇ ಹೊರತು ಕರಗುವುದಿಲ್ಲ. ರಸಾಯನಶಾಸ್ತ್ರ ಓದಿದ ನಮ್ಮ ಮಗನಿಗೆ ಇದು ಹೊಳೆದಿರಲಿಲ್ಲ.

ಹಾಗಂತ ಎಲ್ಲವನ್ನೂ ಅವನ ಗಾಡಿಗೆ ತುಂಬಬೇಡಿ. ಟ್ಯೂಬ್‌ಲೈಟಿನೊಳಗೆ ಪಾದರಸವಿದೆ, ಡಬ್ಬಾ ಟೀವಿಯ ಗಾಜಿನಲ್ಲಿ ಸೀಸವಿದೆ. ತಾಮ್ರಕ್ಕಾಗಿ ವೈರು ಸುಟ್ಟರೆ ಆ ಹೊಗೆ ಕುಡಿಯುವುದು ಗುಜರಿ ಓಣಿಯ ಮಕ್ಕಳು. ಇಂಥದ್ದನ್ನು ಬಿಚ್ಚಿ ಬೇರ್ಪಡಿಸುವ ಇ-ಪರಿಸರ ಎಂಬ ಕಾರ್ಖಾನೆ ಬೆಂಗಳೂರಿನಾಚೆಯ ದಾಬಸ್‌ಪೇಟೆಯಲ್ಲಿ 2005ರಲ್ಲೇ ಶುರುವಾಗಿದೆ. ನಮ್ಮ ಸತ್ತ ಮೊಬೈಲುಗಳು ಮಾತ್ರ ಇನ್ನೂ ಟೀಪಾಯಿಯ ಡ್ರಾಯರಿನಲ್ಲಿ ಚಾರ್ಜರ್ ಸಮೇತ ಸಂಸಾರ ಮಾಡುತ್ತಿವೆ.

ನನ್ನಂಥ ಬಿಡಿ ಭಾಷಣಕಾರರ ಕಷ್ಟ ಬೇರೆ. ಶಾಲಿನದು ಚಿಂತೆಯಿಲ್ಲ, ನನ್ನ ಹೆಗಲಿನಿಂದ ಇಳಿದದ್ದು ಮುಂದಿನ ವಾರ ಇನ್ನೊಬ್ಬರ ಹೆಗಲೇರುತ್ತದೆ. ನೆನಪಿನ ಕಾಣಿಕೆಗೆ ಆ ಭಾಗ್ಯವಿಲ್ಲ, ಅದರ ಮೇಲೆ ನನ್ನ ಹೆಸರು ಕೊರೆದಿರುತ್ತದಲ್ಲ! ಪ್ಲೈವುಡ್ಡಿಗೆ ಅಕ್ರಿಲಿಕ್, ಅದಕ್ಕೆ ಚಿನ್ನದ ಬಣ್ಣದ ಪ್ಲಾಸ್ಟಿಕ್ ಸರಸ್ವತಿ, ಎಲ್ಲಕ್ಕೂ ಗೋಂದು. ಗುಜರಿಯವನು ತಿರುಗಿಸಿ ಮುರುಗಿಸಿ ನೋಡಿ, ‘ಇದ್ರಲ್ಲಿ ಏನೂ ಇಲ್ಲ ಸಾರ್’ ಎಂದು ವಾಪಸು ಕೊಟ್ಟ.

2021ರ ಆಗಸ್ಟಿನಲ್ಲಿ ಬೊಮ್ಮಾಯಿಯವರ ಸರ್ಕಾರ, ಸರ್ಕಾರಿ ಸಮಾರಂಭಗಳಲ್ಲಿ ಹಾರ, ಶಾಲು, ಕಾಣಿಕೆ ಬೇಡ, ಕೊಡುವುದಾದರೆ ಕನ್ನಡ ಪುಸ್ತಕ ಕೊಡಿ ಎಂದಿತು. ಒಳ್ಳೆಯ ಮಾತೇ. ಅದನ್ನು ನೋಡಿ ನಮ್ಮ ಸಂಘದವರೂ ಪುಸ್ತಕಕ್ಕೆ ಇಳಿದರು, ಅಟ್ಟದ ಹೊರೆ ಕಪಾಟಿಗೆ ಬಂತು. ಈ ಸಲ ಒಂದು ಕಟ್ಟು ತೆಗೆದು ತಕ್ಕಡಿಗಿಟ್ಟೆ.

‘ಪುಸ್ತಕಕ್ಕೆ ಪೇಪರಿಗಿಂತ ರೇಟು ಕಮ್ಮಿ ಸಾರ್,’ ಅಂದ.

ಮೇಲಿದ್ದ ಪ್ರತಿ ನಾನೇ ಬರೆದದ್ದು. ಬಾಯಿ ಬಿಡಲಿಲ್ಲ, ಗೊತ್ತಾಗಿದ್ದರೆ ಇನ್ನೂ ಒಂದು ರೂಪಾಯಿ ಇಳಿಸುತ್ತಿದ್ದ.