ಪೆನ್‌ಡ್ರೈವಿಗೆ ಎಂಜಲಿಲ್ಲವೇ?

ನೀರಿನ ಬಾಟಲಿ ಕೊಟ್ಟರೆ ನಮ್ಮವರು ತುಟಿ ತಾಗಿಸುವುದಿಲ್ಲ. ಕತ್ತು ಹಿಂದಕ್ಕೆ ಚೆಲ್ಲಿ, ಗೇಣೆತ್ತರದಿಂದ ಗಂಟಲಿಗೇ ಧಾರೆ ಬಿಟ್ಟುಕೊಳ್ಳುತ್ತಾರೆ. ಅರ್ಧ ನೀರು ಅಂಗಿಯ ಪಾಲಾದರೂ ಸರಿ, ಎಂಜಲಾಗಬಾರದು. ಇಷ್ಟೆಲ್ಲ ಮಡಿ ಮಾಡುವ ಜನ ಜೇಬಿನಿಂದ ಪೆನ್‌ಡ್ರೈವ್ ತೆಗೆದರೆಂದರೆ ಮುಗಿಯಿತು. ಊರವರೆಲ್ಲ ಚುಚ್ಚಿ ತೆಗೆದ ಕಂಪ್ಯೂಟರಿಗೆ ತಾವೂ ಚುಚ್ಚುತ್ತಾರೆ. ಅದನ್ನೇ ತಂದು ಮನೆಯದಕ್ಕೆ ಚುಚ್ಚುತ್ತಾರೆ. ಮಾರನೇ ದಿನ ಆಫೀಸಿನದಕ್ಕೂ ಆ ಭಾಗ್ಯ.

ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯನ್ನೇ ನೋಡಿ. ಡಿಗ್ರಿ ಹುಡುಗನ ಬಯೋಡೇಟಾ, ಪಿಯುಸಿ ಹುಡುಗಿಯ ಹಾಲ್‌ಟಿಕೆಟ್, ಯಾರದೋ ಲಗ್ನಪತ್ರಿಕೆಯ ಕರಡು, ಮಹಿಳಾ ಸಂಘದ ಲೆಕ್ಕಪತ್ರ, ಎಲ್ಲಕ್ಕೂ ಒಂದೇ ಕಂಪ್ಯೂಟರು. "ಅಣ್ಣಾ, ಒಂದೇ ಪೇಜು, ಬೇಗ ಕೊಡಿ" ಎಂದು ಒಬ್ಬರ ಹೆಗಲ ಮೇಲಿಂದ ಇನ್ನೊಬ್ಬರು ಪೆನ್‌ಡ್ರೈವ್ ಚಾಚುತ್ತಾರೆ. ಪ್ರಿಂಟಿಗೆ ಕಾಸು ಕೊಡಬೇಕು. ವೈರಸ್ಸು ಮಾತ್ರ ಕೊಸರು.

ಆ ಕೊಸರಿನ ಕೆಲಸ ಬಲು ಅಚ್ಚುಕಟ್ಟು. ನಿಮ್ಮ ಫೋಲ್ಡರುಗಳನ್ನು ಅಳಿಸುವುದಿಲ್ಲ, ಕಣ್ಣಿಗೆ ಕಾಣದಂತೆ ಬಚ್ಚಿಡುತ್ತದೆ. ಅವುಗಳ ಜಾಗದಲ್ಲಿ ಅದೇ ಹೆಸರಿನ ಶಾರ್ಟ್‌ಕಟ್ ನಿಲ್ಲಿಸುತ್ತದೆ. ಮೂಲೆಯಲ್ಲಿ ಪುಟ್ಟ ಬಾಣದ ಗುರುತು ಇರುತ್ತದೆ, ನೋಡುವ ವ್ಯವಧಾನ ಯಾರಿಗಿದೆ? ಡಬಲ್ ಕ್ಲಿಕ್ ಮಾಡಿದರೆ ಮದುವೆ ಫೋಟೋಗಳೂ ತೆರೆಯುತ್ತವೆ, ಹಿಂದೆ ವೈರಸ್ಸೂ ಸದ್ದಿಲ್ಲದೆ ಕಂಪ್ಯೂಟರಿನೊಳಗೆ ಇಳಿಯುತ್ತದೆ. ಇದಕ್ಕೂ ಮೊದಲು 'ನ್ಯೂ ಫೋಲ್ಡರ್' ಎಂಬ ಮಹಾನುಭಾವ ಕಾಲೇಜು ಲ್ಯಾಬುಗಳನ್ನೆಲ್ಲ ಆಳಿದ್ದ. ನೋಡಲು ಹಳದಿ ಫೋಲ್ಡರು, ಅಸಲಿಗೆ ಪ್ರೋಗ್ರಾಮು. ಹೆಸರಿನ ಕೊನೆಯ 'ಡಾಟ್ ಇಎಕ್ಸ್‌ಇ' ಎಂಬ ಬಾಲವನ್ನು ವಿಂಡೋಸ್ ತಾನಾಗಿಯೇ ಮರೆಮಾಡುತ್ತಿತ್ತು. ಈಗಲೂ ಮಾಡುತ್ತದೆ. ಸೆಟ್ಟಿಂಗಿಗೆ ಹೋಗಿ ಫೈಲಿನ ಬಾಲ ಕಾಣುವಂತೆ ಮಾಡಿಕೊಂಡವನು ಅರ್ಧ ಗೆದ್ದಂತೆ.

ಆರ್ಕುಟ್ ಕಾಲದ ಇನ್ನೊಂದು ಹುಳುವಂತೂ ಹಾಸ್ಟೆಲ್ ವಾರ್ಡನ್ನಿನ ಅವತಾರ. ಫೈರ್‌ಫಾಕ್ಸ್ ತೆರೆದರೆ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಬಳಸು ಎಂದು ಗದರುತ್ತಿತ್ತು. ಆರ್ಕುಟ್ ತೆರೆದರೆ ಅದು ನಿಷಿದ್ಧವೆಂದು ಹೇಳಿ ಗಹಗಹಿಸಿ ನಗುತ್ತಿತ್ತು. ಅದೂ ಪೆನ್‌ಡ್ರೈವ್ ಹತ್ತಿಕೊಂಡೇ ಊರೂರು ತಿರುಗಿದ್ದು.

ಇನ್ನೂ ಹಿಂದಿನವರು ಮರ್ಯಾದಸ್ಥರು. 1986ರಲ್ಲಿ ಲಾಹೋರಿನ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಅಣ್ಣತಮ್ಮಂದಿರು ಫ್ಲಾಪಿಯಲ್ಲಿ ಹರಡುವ 'ಬ್ರೇನ್' ವೈರಸ್ ಬರೆದರು. ಅದರೊಳಗೆ ತಮ್ಮ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರನ್ನೂ ಬರೆದಿಟ್ಟಿದ್ದರು. ಈಗಿನವರಿಂದ ಆ ಸೌಜನ್ಯ ನಿರೀಕ್ಷಿಸಬೇಡಿ.

ಫ್ಲಾಪಿ ಹೋಗಿ ಪೆನ್‌ಡ್ರೈವ್ ಬಂದಾಗ ಹುಳುಗಳಿಗೆ ಸುಗ್ಗಿ ತಂದದ್ದು ವಿಂಡೋಸಿನ 'ಆಟೋರನ್'. ಸಿಡಿ ಹಾಕಿದೊಡನೆ ತಾನೇ ಓಡಲಿ ಎಂದು ಮಾಡಿದ ಅನುಕೂಲ ಅದು. ಸಿಡಿಗಿಂತ ಹುಳುಗಳಿಗೇ ಹೆಚ್ಚು ಅನುಕೂಲವಾಯಿತು. 2008ರ ನವೆಂಬರಿನಲ್ಲಿ ಕಾಣಿಸಿಕೊಂಡ 'ಕಾನ್ಫಿಕರ್' ತನ್ನ ಮುಂದಿನ ಅವತಾರದಲ್ಲಿ ಪೆನ್‌ಡ್ರೈವಿಗೂ ಹತ್ತಿತು. ಚುಚ್ಚಿದಾಗ ಬರುವ ಪಟ್ಟಿಯಲ್ಲಿ 'ಫೋಲ್ಡರ್ ತೆರೆಯಿರಿ' ಎಂಬ ವೇಷ ಹಾಕಿ ಕೂತಿರುತ್ತಿತ್ತು. ಕೊನೆಗೆ ಮೈಕ್ರೋಸಾಫ್ಟ್ ವಿಂಡೋಸ್ 7ರಲ್ಲಿ ಈ ಬಾಗಿಲು ಮುಚ್ಚಿತು. ಹಳೆಯ ಎಕ್ಸ್‌ಪಿಗಳಿಗೆ ಮುಚ್ಚಲು 2011ರ ಫೆಬ್ರುವರಿಯ ಅಪ್‌ಡೇಟೇ ಬರಬೇಕಾಯಿತು. ಅಂದಿನಿಂದ ಹುಳು ತಾನಾಗಿ ಒಳಗೆ ಬರುವುದು ಕಡಿಮೆ. ನಾವೇ ಡಬಲ್ ಕ್ಲಿಕ್ ಮಾಡಿ ಕರೆದುಕೊಳ್ಳುತ್ತೇವೆ.

ನಾವೇನೋ ಪಾಮರರು ಅಂತ ಇಟ್ಟುಕೊಳ್ಳಿ. ದೊಡ್ಡವರ ಕಥೆ? 2008ರಲ್ಲಿ ಅಮೆರಿಕದ ಸೇನೆಯ ಜಾಲಕ್ಕೆ ಮಧ್ಯಪ್ರಾಚ್ಯದ ನೆಲೆಯೊಂದರಲ್ಲಿ ಚುಚ್ಚಿದ ಒಂದು ಪೆನ್‌ಡ್ರೈವಿನಿಂದ ಹುಳು ಹತ್ತಿತು. ಪೆಂಟಗನ್ ಪೆನ್‌ಡ್ರೈವನ್ನೇ ನಿಷೇಧಿಸಿತು. 2010ರಲ್ಲಿ ಬಯಲಾದ 'ಸ್ಟಕ್ಸ್‌ನೆಟ್' ಇಂಟರ್‌ನೆಟ್ ಸೋಕದ ಇರಾನಿನ ನತಾಂಜ್ ಅಣುಕೇಂದ್ರವನ್ನೇ ಹೊಕ್ಕಿತ್ತು. ಅದಕ್ಕೆ ಡಬಲ್ ಕ್ಲಿಕ್ಕೂ ಬೇಕಿರಲಿಲ್ಲ. ಪೆನ್‌ಡ್ರೈವಿನ ಫೋಲ್ಡರು ತೆರೆದು ಐಕಾನ್ ಕಣ್ಣಿಗೆ ಬಿದ್ದರೆ ಸಾಕಿತ್ತು. ಆ ಹುಳು ಇರಾನಿನಲ್ಲಿ ಮಾತ್ರ ಉಳಿಯಲಿಲ್ಲ. ಸೋಂಕು ಹೆಚ್ಚು ಕಂಡ ದೇಶಗಳಲ್ಲಿ ನಮ್ಮದೂ ಒಂದು. ಇಂಥ ವಿಷಯದಲ್ಲಿ ನಾವು ಹಿಂದೆ ಬೀಳುವುದುಂಟೇ?

ಇನ್ನು ಪಂಡಿತರ ಕಥೆ. 2010ರಲ್ಲಿ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟಿನಲ್ಲಿ ಕಂಪ್ಯೂಟರ್ ಭದ್ರತೆಯ ಸಮ್ಮೇಳನ. ಐಬಿಎಂ ಕಂಪನಿ ಬಂದವರಿಗೆಲ್ಲ ಪೆನ್‌ಡ್ರೈವ್ ಹಂಚಿತು. ಅದರಲ್ಲಿ ವೈರಸ್! ತೈವಾನಿನ ಪೊಲೀಸರು ಇನ್ನೂ ಮುಂದೆ. 2017ರಲ್ಲಿ ಸೈಬರ್ ಭದ್ರತೆಯ ಕ್ವಿಜ್‌ನಲ್ಲಿ ಗೆದ್ದವರಿಗೆ ಬಹುಮಾನವೆಂದು 250 ಪೆನ್‌ಡ್ರೈವ್ ತರಿಸಿದರು. 54ರಲ್ಲಿ ವೈರಸ್ ಇತ್ತು. ಸರಿಯುತ್ತರ ಹೇಳಿದ್ದಕ್ಕೆ ಶಿಕ್ಷೆ!

ಬಿಟ್ಟಿ ಸಿಕ್ಕರೆ ಬಿಡುವವರು ಯಾರು? ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಆವರಣದಲ್ಲಿ ಸಂಶೋಧಕರು ಬೇಕೆಂದೇ 297 ಪೆನ್‌ಡ್ರೈವ್ ಬೀಳಿಸಿದರು. 290ನ್ನು ಜನ ಎತ್ತಿಕೊಂಡರು. 45 ಪರ್ಸೆಂಟಿನಷ್ಟರಲ್ಲಿ ಫೈಲುಗಳನ್ನು ತೆರೆದೂ ನೋಡಿದರು. ನಮ್ಮ ಮೆಜೆಸ್ಟಿಕ್ಕಿನಲ್ಲಿ ಬೀಳಿಸಿದ್ದರೆ ಆ ಉಳಿದ ಏಳೂ ಸಿಗುತ್ತಿರಲಿಲ್ಲ ಎಂದು ಬೇಕಾದರೆ ಬೆಟ್ ಕಟ್ಟುತ್ತೇನೆ. 2014ರಲ್ಲಿ ಇನ್ನೊಂದು ತಮಾಷೆ ಬಯಲಾಯಿತು. ಜರ್ಮನಿಯ ಕಾರ್ಸ್ಟನ್ ನೋಲ್ ಮತ್ತು ಯಾಕೋಬ್ ಲೆಲ್ ತೋರಿಸಿದ 'ಬ್ಯಾಡ್‌ಯುಎಸ್‌ಬಿ'ಯಲ್ಲಿ ಪೆನ್‌ಡ್ರೈವ್ ಕಂಪ್ಯೂಟರಿಗೆ "ನಾನು ಕೀಬೋರ್ಡು" ಎಂದು ಸುಳ್ಳು ಹೇಳಿ ತಾನೇ ಟೈಪ್ ಮಾಡತೊಡಗುತ್ತದೆ. ಸುಳ್ಳು ಇರುವುದು ಫೈಲಿನಲ್ಲಲ್ಲ, ಚಿಪ್ಪಿನಲ್ಲಿ. ಆಂಟಿವೈರಸ್ ಅಲ್ಲಿ ತಡಕಿದರೂ ಏನೂ ಸಿಗದು. ಬಿದ್ದದ್ದನ್ನು ಎತ್ತಿ ಚುಚ್ಚದಿರುವುದೇ ಮದ್ದು.

ಊರ ಪೆನ್‌ಡ್ರೈವುಗಳಿಗೆ ಮದ್ದು ಗೊತ್ತಿಲ್ಲದ್ದೇನಲ್ಲ. ಜೆರಾಕ್ಸ್ ಅಂಗಡಿಗೆಂದೇ ಒಂದು ಬೇರೆ ಪೆನ್‌ಡ್ರೈವ್ ಇಡಿ, ಅದರಲ್ಲಿ ಪ್ರಿಂಟಿಗೆ ಬೇಕಾದ ಪಿಡಿಎಫ್ ಬಿಟ್ಟು ಬೇರೇನೂ ಬೇಡ. ಹಿಂದಿರುಗಿದಾಗ ತೆರೆಯುವ ಮೊದಲು ಸ್ಕ್ಯಾನ್ ಮಾಡಿ. ಆಟೋಪ್ಲೇ ಆಫ್ ಮಾಡಿ. ಅಪ್‌ಡೇಟ್ ಬಂದಾಗ 'ಆಮೇಲೆ' ಒತ್ತುವ ಚಟ ಬಿಡಿ. ಮುಖ್ಯ ಫೈಲುಗಳ ಇನ್ನೊಂದು ಪ್ರತಿ ಬೇರೆ ಕಡೆ ಇರಲಿ. ನಮ್ಮ ಸಿ-ಡ್ಯಾಕ್ ಸಂಸ್ಥೆ 'ಯುಎಸ್‌ಬಿ ಪ್ರತಿರೋಧ್' ಎಂಬ ತಂತ್ರಾಂಶವನ್ನೇ ಮಾಡಿತು, ಸರ್ಕಾರ 2017ರಲ್ಲಿ ಅದನ್ನು ಜನರ ಕೈಗಿಟ್ಟಿತು. ಶಾರ್ಟ್‌ಕಟ್ ಕಾಟ ಹತ್ತಿದರೆ ಕಪ್ಪು ಕಿಟಕಿಯಲ್ಲಿ 'ಅಟ್ರಿಬ್' ಎಂದು ಬರೆದು ಫೋಲ್ಡರುಗಳನ್ನು ಮರಳಿ ತೋರಿಸುವ ಹುಡುಗ ಪ್ರತಿ ಬೀದಿಯಲ್ಲೂ ಒಬ್ಬನಿದ್ದಾನೆ. ಅವನಿಗೆ ಜ್ಯೂಸ್ ಕುಡಿಸಿ. ಆದರೆ ಮೊದಲು ಕಂಪ್ಯೂಟರ್ ಶುಚಿಯಾಗಲಿ. ಇಲ್ಲದಿದ್ದರೆ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿಗೆ ಆ ಕ್ಷಣವೇ ಹುಳು ಮತ್ತೆ ಹತ್ತುತ್ತದೆ.

ಇಷ್ಟೆಲ್ಲ ಇದ್ದೂ ಹುಳು ಗೆಲ್ಲುವುದು ಯಾಕೆ? ದಾಕ್ಷಿಣ್ಯ! ಅಂಗಡಿಗಳಲ್ಲಿ ಆಂಟಿವೈರಸ್ ಸಿಗುತ್ತದೆ, ಆಂಟಿದಾಕ್ಷಿಣ್ಯ ಸಿಗುವುದಿಲ್ಲ. ಮೇಲಧಿಕಾರಿ ಪೆನ್‌ಡ್ರೈವ್ ಕೊಟ್ಟರೆ "ಸಾರ್, ಸ್ಕ್ಯಾನ್ ಮಾಡಲೇ?" ಎನ್ನಲು ನಾಲಗೆ ಏಳದು. ಮಗುವಿನ ನಾಮಕರಣದ ವಿಡಿಯೋ ಹಿಡಿದು ಭಾವ ಬಂದರೆ ಕೇಳುವುದೇ ಬೇಡ.

"ಒಂದು ನಿಮಿಷ ಭಾವ, ಸ್ಕ್ಯಾನ್ ಮಾಡಿಬಿಡ್ತೀನಿ."

"ಯಾಕಪ್ಪಾ, ನಮ್ಮ ಮೇಲೇ ಅನುಮಾನವಾ?"

"ಛೆ, ನಿಮ್ಮ ಮೇಲಲ್ಲ ಭಾವ. ನೀವು ಕಾಪಿ ಮಾಡಿಸಿಕೊಂಡು ಬಂದ ಅಂಗಡಿಯ ಮೇಲೆ."

"ಆ ಅಂಗಡಿ ನನ್ನ ತಮ್ಮನದೇ!"

ಇನ್ನು ಮಾತಾಡಬೇಡಿ. ಸ್ಕ್ಯಾನ್ ಬಟನ್ ಒತ್ತಿ, ಅಡುಗೆಮನೆಯ ಕಡೆ ತಿರುಗಿ "ಭಾವನಿಗೆ ಕಾಫಿ" ಎಂದು ಕೂಗಿ. ಕಾಫಿ ಸ್ವಲ್ಪ ಸ್ಟ್ರಾಂಗಾಗಿಯೇ ಇರಲಿ.