ಟೇಪ್ ರಾಯರು

ಭದ್ರಾವತಿಯ ನ್ಯೂ ಟೌನಿನಲ್ಲಿ ಹದಿಮೂರು ತುಂಬಿದ ಯಾವ ಹುಡುಗನೂ ಟೇಪ್ ರಾಯರ ಮನೆ ಮುಂದೆ ಸೈಕಲ್ ಇಳಿಯುವುದಿಲ್ಲ. ಇಳಿದರೆ ಗೋಡೆಗೆ ಒರಗಿ ನಿಲ್ಲಬೇಕಾಗುತ್ತದೆ.

ರಾಯರು ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ಕೆಲಸ ಮಾಡಿ ರಿಟೈರ್ ಆದವರು. 1923ರಲ್ಲಿ ಉತ್ಪಾದನೆ ಶುರುಮಾಡಿದ ಆ ಕಾರ್ಖಾನೆಯ ಸರಳುಗಳನ್ನು ಅಳೆದೂ ಅಳೆದೂ ಪಳಗಿದ ಕೈ ಸುಮ್ಮನಿರಬೇಕಲ್ಲ! ಈಗ ಅಳತೆಗೆ ಸಿಗುವುದು ನೆರೆಹೊರೆಯ ಮಕ್ಕಳು. ಷರಟಿನ ಜೇಬಿನಲ್ಲಿ ಸದಾ ಸ್ಟೀಲ್ ಟೇಪು. "ಚಪ್ಪಲಿ ಬಿಡು. ಹಿಮ್ಮಡಿ ಗೋಡೆಗೆ ತಾಗಲಿ. ಗದ್ದ ಎತ್ತಬೇಡ, ಕಳ್ಳಾಟ ನಂಗೊತ್ತು" ಎನ್ನುತ್ತ ಹುಡುಗನ ತಲೆಯ ಮೇಲೆ ಹೋದ ವರ್ಷದ ಪಂಚಾಂಗ ಇಟ್ಟು, ಅದರ ಅಂಚಿಗೆ ಪೆನ್ಸಿಲ್ ಗೆರೆ ಎಳೆಯುತ್ತಾರೆ. ಗೆರೆಯ ಪಕ್ಕ ತಾರೀಕು, ಸಣ್ಣ ಸಹಿ. ಮನೆಗೆ ಸುಣ್ಣ ಹೊಡೆಸುವಾಗಲೂ ಆ ಎರಡಡಿ ಜಾಗವನ್ನು ಪೇಂಟರ್ ಮುಟ್ಟುವಂತಿಲ್ಲ.

ಟೇಪ್ ಇಲ್ಲದ ಟೇಪ್ ರಾಯರನ್ನೂ ನೀವು ನೋಡಿರುತ್ತೀರಿ. ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತ ಹುಡುಗನನ್ನು "ಯಾಕೋ, ಬೆಳೆದೇ ಇಲ್ವಲ್ಲೋ" ಎಂದು ಇಡೀ ಪಂಕ್ತಿಗೆ ಕೇಳುವಂತೆ ವಿಚಾರಿಸುವವರು ಇದೇ ಜಾತಿಗೆ ಸೇರಿದವರು.

ಸಸ್ಯಾಹಾರದ ವಿಷಯ ಬಂದರಂತೂ ರಾಯರದು ಕಬ್ಬಿಣದಂಥ ನಂಬಿಕೆ. "ಸಕ್ರೆಬೈಲು ಬಿಡಾರದ ಆನೆ ಏನು ತಿಂದು ಅಷ್ಟು ಬೆಳೀತು? ಸೊಪ್ಪು!" ಎದುರುಮನೆಯಲ್ಲಿರುವ ನಿವೃತ್ತ ನರ್ಸ್, ಎಲ್ಲರ ಪಾಲಿನ ಸಿಸ್ಟರಮ್ಮ, ಗೇಟಿಗೆ ಒರಗಿಕೊಂಡೇ ಉತ್ತರ ಕೊಡುತ್ತಾರೆ: "ಆನೆ ದಿನಕ್ಕೆ ಕ್ವಿಂಟಾಲ್‌ಗಟ್ಟಲೆ ಮೇಯುತ್ತೆ ರಾಯರೇ. ನಿಮ್ಮ ಮೊಮ್ಮಗ ಎರಡು ದೋಸೆ ತಿನ್ನೋಕೆ ಅರ್ಧ ಗಂಟೆ ಮೊಬೈಲ್ ನೋಡ್ತಾನೆ. ಆನೆ ಲೆಕ್ಕ ಬಿಡಿ. ತ್ಯಾವರೆಕೊಪ್ಪ ಸಫಾರಿಯ ಹುಲಿ ಏನು ತಿನ್ನುತ್ತೆ ಅಂತ ನಾನೂ ಕೇಳಬಹುದು."

ರಾಯರು ತಕ್ಷಣ ಅನಿಲ್ ಕುಂಬ್ಳೆಯವರನ್ನು ಕಣಕ್ಕಿಳಿಸುತ್ತಾರೆ: ಆರಡಿ ಮೀರಿದ ಆಳು, 619 ಟೆಸ್ಟ್ ವಿಕೆಟ್, ಶುದ್ಧ ಸಸ್ಯಾಹಾರಿ. ಸಿಸ್ಟರಮ್ಮನ ಕೈಯಲ್ಲಿ ಊರಿನದೇ ಹುಕುಂ ಎಲೆ ಇದೆ. "ಇದೇ ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಎಷ್ಟು ಉದ್ದ ಇದ್ರು? 1969ರಲ್ಲಿ ಕಾನ್ಪುರದಲ್ಲಿ ಮೊದಲನೇ ಟೆಸ್ಟಿಗೇ 137 ಹೊಡೆದಾಗ ಯಾರಾದ್ರೂ ಟೇಪ್ ಹಿಡ್ಕೊಂಡು ಹೋಗಿದ್ರಾ?"

ಬೀದಿಯಲ್ಲಿ ಇಷ್ಟು ವಾದಿಸಿದ ರಾಯರು ಒಂದು ಸಂಜೆ, ಸೊಸೆ ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ, ಎದುರುಮನೆ ಕಾಂಪೌಂಡಿನ ಹತ್ತಿರ ಬಂದು ದನಿ ತಗ್ಗಿಸಿದರು. "ಸಿಸ್ಟರೇ, ಒಂದು ಮಾತು. ಹುಡುಗನಿಗೆ ಹದಿನಾಲ್ಕಾಯ್ತು. ಹೊರಗಡೆ ಎಲ್ಲಾದ್ರೂ, ಅಂದ್ರೆ ಔಷಧಿ ಲೆಕ್ಕದಲ್ಲಿ, ಮೊಟ್ಟೆ ಕೊಡಿಸಿದ್ರೆ ಉದ್ದ ಆಗ್ತಾನಾ?"

ಸಿಸ್ಟರಮ್ಮ ನಗಲಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ದಕ್ಷಿಣ ಭಾಗದಲ್ಲಿ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಥದ ಶಾಲೆಗಳ ಮಕ್ಕಳನ್ನು ಅಳೆದು 1991ರಲ್ಲಿ ಪ್ರಕಟಿಸಿದ ಅಧ್ಯಯನದ ಕಥೆ ಹೇಳಿದರು. ಅಲ್ಲಿ ಮಾಂಸ ತಿನ್ನದ ಮಕ್ಕಳು ತಿನ್ನುವವರಿಗಿಂತ ಗಿಡ್ಡ ಇರಲಿಲ್ಲ, ತುಸು ಉದ್ದವೇ ಇದ್ದರು. ರಾಯರ ಎದೆ ಉಬ್ಬಿತು. "ಆದರೆ ಆ ಮಕ್ಕಳು ಹಾಲು, ಮೊಟ್ಟೆ ಎರಡೂ ತಿಂತಿದ್ರು" ಎಂದಾಗ ಅರ್ಧಕ್ಕೆ ಇಳಿಯಿತು. ಕೆನಡಾದ ಟೊರಾಂಟೊದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಚಿಕ್ಕ ಮಕ್ಕಳನ್ನು ನೋಡಿ 2022ರಲ್ಲಿ ಬಂದ ವರದಿಯೂ ಎತ್ತರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದಿತು. ಸಸ್ಯಾಹಾರಿ ಮಕ್ಕಳಲ್ಲಿ ತೂಕ ಕಮ್ಮಿ ಇರುವವರು ಮಾತ್ರ ಜಾಸ್ತಿ ಸಿಕ್ಕಿದರು. ನೆದರ್ಲೆಂಡ್ಸಿನಲ್ಲಿ ಹಾಲು-ಮೊಸರನ್ನೂ ಹತ್ತಿರ ಬಿಟ್ಟುಕೊಳ್ಳದ ಕಟ್ಟುಪಥ್ಯದ ಮನೆಗಳ ಮಕ್ಕಳು ಬೆಳವಣಿಗೆಯಲ್ಲಿ ಹಿಂದೆ ಬಿದ್ದಿದ್ದರು.

"ಅಂದ್ರೆ ಮೊಟ್ಟೆ ಬೇಡ ಅಂತಾಯ್ತು" ಎಂದರು ರಾಯರು, ಬೇಕಾದಷ್ಟನ್ನು ಮಾತ್ರ ಕೇಳಿಸಿಕೊಂಡು.

"ಬೇಡ ಅಂದ್ರೆ ಅದರ ಜಾಗಕ್ಕೆ ಏನು ಅಂತ ಹೇಳಿ. ಬಿ12 ಸೊಪ್ಪಲ್ಲಿ ಸಿಗಲ್ಲ, ಹಾಲು-ಮೊಸರಲ್ಲಿ ಸಿಗುತ್ತೆ. ಬರೀ ಅನ್ನ ತಿಂದ್ರೆ ಪ್ರೋಟೀನ್ ಅರೆಬರೆ, ಜತೆಗೆ ಬೇಳೆ-ಕಾಳು ಬೇಕು. ಕಡಲೆಬೀಜ, ರಾಗಿ, ಸೋಯಾ... ಎಲ್ಲಿ, ಹುಡುಗನ್ನ ಕರೀರಿ."

ಹುಡುಗ ಬಂದ. ಬೆಳಿಗ್ಗೆಯಿಂದ ಏನು ತಿಂದೆ ಎಂದು ವಿಚಾರಣೆ ನಡೆಯಿತು. ಆರು ಗಂಟೆಗೆ ಟ್ಯೂಷನ್ನಿಗೆ ಹೊರಡುವಾಗ ಕಾಫಿ, ಎರಡು ಬಿಸ್ಕತ್ತು. ತಿಂಡಿಗೆ ಟೈಮ್ ಇರಲಿಲ್ಲ. ಡಬ್ಬಿಯ ಚಿತ್ರಾನ್ನದಲ್ಲಿ ಕಡಲೆಬೀಜ ಆರಿಸಿ ಪಕ್ಕಕ್ಕಿಟ್ಟಿದ್ದ. ಸಂಜೆ ಗೋಬಿ ಮಂಚೂರಿ, ಹತ್ತು ರೂಪಾಯಿ ಚಿಪ್ಸು. ಹಾಲು ಕುಡಿದರೆ ವಾಸನೆ. ಬೇಳೆಯ ಸಾರಿನಲ್ಲಿ ಮೇಲಿನ ತಿಳಿ ಮಾತ್ರ, ಅಡಿಯ ಬೇಳೆ ಸೌಟಿಗೆ ಬಿಟ್ಟಿದ್ದು.

"ನೋಡಿ, ಒಂದೂ ಮಾಂಸಾಹಾರ ಇಲ್ಲ!" ಎಂದರು ರಾಯರು, ಹೆಮ್ಮೆಯಿಂದ.

ನಿಜ. ಬೆಂಗಳೂರಿನಿಂದ ಬೀದರಿನವರೆಗೆ ಗೋಬಿ ಮಂಚೂರಿ ಪಕ್ಕಾ ಸಸ್ಯಾಹಾರ. 2024ರ ಮಾರ್ಚಿನಲ್ಲಿ ಸರ್ಕಾರ ಅದಕ್ಕೆ ಹಾಕುವ ಕೃತಕ ಬಣ್ಣವನ್ನು ನಿಷೇಧಿಸಿತೇ ಹೊರತು ಅದರ ಮಡಿಯನ್ನು ಯಾರೂ ಪ್ರಶ್ನಿಸಲಿಲ್ಲ.

ಸಿಸ್ಟರಮ್ಮನ ಮನೆಕೆಲಸಕ್ಕೆ ಬರುವಾಕೆಯ ಮಗಳು ಸರ್ಕಾರಿ ಶಾಲೆಯಲ್ಲಿ ಎಂಟನೇ ಕ್ಲಾಸು. ಶಾಲೆಯಲ್ಲೇ ಮೊಟ್ಟೆ ತಿನ್ನುವ ಅವಳಿಗೆ ಈ ಚರ್ಚೆಯೇ ತಮಾಷೆ. 2021ರ ಕೊನೆಗೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಬಿಸಿಯೂಟದಲ್ಲಿ ಮೊಟ್ಟೆ ಶುರುವಾದಾಗ ಮಠಾಧೀಶರು ವಿರೋಧಿಸಿದ್ದು, ಮಕ್ಕಳೇ ಎದುರು ಮಾತಾಡಿದ್ದು ನಾಡಿಗೇ ಗೊತ್ತು. ಮೊಟ್ಟೆ ತಿಂದ ಯಾದಗಿರಿಯ ಮಕ್ಕಳನ್ನು ಮೊಟ್ಟೆ ಇಲ್ಲದ ಗದಗದ ಮಕ್ಕಳ ಜತೆ ಹೋಲಿಸಿದಾಗ ಯಾದಗಿರಿಯವರ ತೂಕ ಹೆಚ್ಚು ಏರಿತ್ತು. 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ರಾಜ್ಯದಾದ್ಯಂತ ವಾರಕ್ಕೆ ಆರು ದಿನ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು. ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಪ್ರೋಟೀನ್, ಬಾಳೆಹಣ್ಣಿನಲ್ಲಿ ಒಂದು ಗ್ರಾಂ. ರಾತ್ರಿ ಊಟಕ್ಕೆ ಅನ್ನ-ತಿಳಿಸಾರೇ ಗತಿಯಾದ ಮನೆಯ ಹುಡುಗಿಗೆ ಆ ಐದು ಗ್ರಾಂ ದೊಡ್ಡ ಸಂಗತಿ. ರಾಯರ ಮನೆಯಲ್ಲಿ ತುಪ್ಪ, ಬಾದಾಮಿ, ಹೆಪ್ಪುಹಾಕಿದ ಗಟ್ಟಿ ಮೊಸರು ಎಲ್ಲ ಇದೆ. ಮೊಮ್ಮಗನ ಬಾಯಿಗೆ ಹೋಗುವುದಿಲ್ಲ ಅಷ್ಟೆ. ಆ ಹುಡುಗಿ ಗೋಡೆಗೆ ನಿಂತಾಗ ಹೋದ ವರ್ಷದ ಗೆರೆಗಿಂತ ಮೂರು ಬೆರಳು ಮೇಲಿದ್ದಳು. ರಾಯರು ಎರಡು ಸಲ ಅಳೆದು ಸಹಿ ಹಾಕಿದರು.

ಕೊನೆಗೆ ಸಿಸ್ಟರಮ್ಮ ಮಕ್ಕಳ ಡಾಕ್ಟರುಗಳ ಹಳೇ ಲೆಕ್ಕ ತೆಗೆದರು. ಅಪ್ಪನ ಎತ್ತರ, ಅಮ್ಮನ ಎತ್ತರ ಸೆಂಟಿಮೀಟರಿನಲ್ಲಿ ಕೂಡಿಸಿ, ಗಂಡುಮಗುವಾದರೆ 13 ಸೇರಿಸಿ, ಹೆಣ್ಣಾದರೆ 13 ಕಳೆದು, ಎರಡರಿಂದ ಭಾಗಿಸಬೇಕು. ಹೆಚ್ಚುಕಮ್ಮಿ ಅದರ ಆಸುಪಾಸಿಗೆ ಮಗು ಬಂದು ನಿಲ್ಲುತ್ತದೆ. ಮಗ 165, ಸೊಸೆ 155, ಉತ್ತರ 166.5. ಅಂದರೆ ಐದೂವರೆ ಅಡಿಯ ಹತ್ತಿರ. ಆರಡಿಯ ಕನಸು ಕಂಡಿದ್ದ ರಾಯರು ಪಂಚಾಂಗದ ಹಿಂಬದಿಯಲ್ಲಿ ಮೂರು ಸಲ ಭಾಗಿಸಿ ನೋಡಿ, "ಸೊಸೆ ಕಡೆಯವರು ಮೊದಲಿಂದಲೂ ಗಿಡ್ಡ" ಎಂದು ತೀರ್ಪು ಕೊಟ್ಟರು.

ದೇವಸ್ಥಾನದಿಂದ ಬಂದಿದ್ದ ಸೊಸೆ ಗೇಟಿನಲ್ಲೇ ನಿಂತಿದ್ದರು. "ಮಾವ, ನಮ್ಮಪ್ಪ ಐದಡಿ ಹತ್ತಂಗುಲ. ನಿಮ್ಮ ಗೋಡೆಗೇ ನಿಲ್ಲಿಸಿ ಅಳೆದಿದ್ರಿ, ನಿಶ್ಚಿತಾರ್ಥದ ದಿನ."

ಮರುದಿನದಿಂದ ಹುಡುಗನಿಗೆ ತಿಂಡಿ ತಿನ್ನದೆ ಟ್ಯೂಷನ್ನಿಗೆ ಹೋಗಲು ಬಿಡಲಿಲ್ಲ. ಸಾರನ್ನು ಅಡಿಯಿಂದ ಕಲಕಿ ಬಡಿಸುವ ಕೆಲಸ ರಾಯರೇ ವಹಿಸಿಕೊಂಡರು. ಅವರಿಗೀಗ ಬೇರೆ ಚಿಂತೆ ಹತ್ತಿದೆ. ಮೂಲೆಮನೆಯ ಹುಡುಗಿಗೆ ಕನ್ನಡಕ ಬಂದಿದೆಯಂತೆ, "ಕ್ಯಾರೆಟ್ ತಿನ್ನಿಸ್ತಿದ್ದೀರೇನಮ್ಮಾ?" ಎಂದು ಅವಳ ತಾಯಿಯನ್ನು ತರಕಾರಿ ಗಾಡಿಯ ಹತ್ತಿರ ತಡೆದು ನಿಲ್ಲಿಸಿಕೊಂಡಿದ್ದಾರೆ.